ಕನಸಿಗೆ ಹಳೆಯ ಮನೆಯೇ ಬೇಕು

ಶರಾವತಿ ಹಿನ್ನೀರಿನ ಸೀಮೆಯ ಹಿರಿಯರು ನಾಲ್ಕು ಜನ ಮದುವೆಮನೆಯಲ್ಲಿ ಸೇರಿದರೆ, ಅಡಿಕೆ ಧಾರಣೆ, ಕೊಳೆರೋಗ, ಮಕ್ಕಳ ನೌಕರಿ ಎಲ್ಲ ಮುಗಿದ ಮೇಲೆ ಮಾತು ಒಂದಲ್ಲ ಒಂದು ದಾರಿ ಹಿಡಿದು ಕನಸಿಗೆ ಬಂದು ಸೇರುತ್ತದೆ. "ಮೊನ್ನೆ ರಾತ್ರಿ ನಮ್ಮ ಹಳೇ ಮನೆಗೆ ಹೋಗಿದ್ದೆ ಮಾರಾಯ" ಎಂದು ಒಬ್ಬರು ಕವಳ ಹಾಕಿಕೊಳ್ಳುತ್ತ ಶುರುಮಾಡುತ್ತಾರೆ. ಯಾವ ಹಳೇ ಮನೆ ಎಂದು ಯಾರೂ ಕೇಳುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನೀರು ನಿಂತಾಗ ಸುಮಾರು 300 ಚದರ ಕಿಲೋಮೀಟರ್ ನೆಲ ತನ್ನ ಮೇಲಿದ್ದ ಊರು, ತೋಟ, ಗದ್ದೆ, ಬನಗಳ ಸಮೇತ ಒಳಗೆ ಹೋಯಿತು. ಆ ಊರುಗಳಲ್ಲಿ ಹುಟ್ಟಿದವರು ಹಳೇ ಮನೆಗೆ ಹೋಗಬೇಕೆಂದರೆ ನಿದ್ದೆ ಬರಬೇಕು. ಬೇರೆ ದಾರಿ ಇಲ್ಲ.

ನಾನೂ ಅವರಲ್ಲೊಬ್ಬ. ಆಗಷ್ಟೇ ಸ್ಲೇಟು ಹಿಡಿದು ಶಾಲೆಗೆ ಹೋಗಲು ಶುರುಮಾಡಿದ್ದೆ. ಲಾರಿಯಲ್ಲಿ ಹಂಡೆ, ಒರಳು, ಬಿಚ್ಚಿದ ಹೆಂಚು, ಕಳಚಿದ ಮುಂಬಾಗಿಲು, ತೊಲೆ, ಎರಡು ಕರು, ಅವುಗಳ ನಡುವೆ ನಾವು. ಬಾಗಿಲನ್ನು ಅಪ್ಪ ಹೊಸ ಊರಿನ ಮನೆಗೆ ಕೂಡಿಸಿದರು. ಈಗಲೂ ದಿನಾ ಅದನ್ನೇ ತೆರೆದು ಮುಚ್ಚುತ್ತೇವೆ. ಆದರೆ ಕನಸಿನಲ್ಲಿ ಆ ಬಾಗಿಲು ಹಳೆಯ ಜಾಗದಲ್ಲೇ ಇರುತ್ತದೆ. ಎದುರಿಗೆ ಜಗುಲಿ, ಕೆಳಗೆ ಅಂಗಳ, ಅಂಗಳದಾಚೆ ಉಣುಗೋಲು, ಅದನ್ನು ದಾಟಿದರೆ ಹಳ್ಳದ ಸಂಕ. ಬಾಗಿಲನ್ನು ನಾವು ತಂದಿದ್ದೇವೆ, ಅದು ಇಲ್ಲಿದೆ ಎಂಬ ತಿಳಿವಳಿಕೆ ನಿದ್ದೆಯೊಳಗೆ ಇಳಿಯುವುದೇ ಇಲ್ಲ.

ಹೀಗೆ ಮಾತಾಡುತ್ತ ಕೂತಾಗ ನಾನು ಒಂದು ಸಂಗತಿಯನ್ನು ಎಲ್ಲರ ಹತ್ತಿರವೂ ಕೇಳುತ್ತೇನೆ: ಕನಸಿನಲ್ಲಿ ಊರಿಗೆ ನೀರು ಬಂದಿರುತ್ತದೆಯೇ? ನಾನು ಕೇಳಿದವರಲ್ಲಿ ಹೆಚ್ಚಿನವರು ಸ್ವಲ್ಪ ಯೋಚಿಸಿ ಇಲ್ಲ ಎನ್ನುತ್ತಾರೆ. ಮಳೆ ಇರುತ್ತದೆ, ಹಳ್ಳಕ್ಕೆ ಕೆಂಪು ನೀರು ಬಂದಿರುತ್ತದೆ, ಗದ್ದೆಯ ಹಾಳಿ ಒಡೆದಿರುತ್ತದೆ. ಹಿನ್ನೀರು ಮಾತ್ರ ಇರುವುದಿಲ್ಲ. ಅರವತ್ತು ವರ್ಷಗಳಿಂದ ಕಣ್ಣೆದುರಿಗಿರುವ ಅಷ್ಟು ದೊಡ್ಡ ಜಲರಾಶಿಗೆ ಈ ಕನಸುಗಳಲ್ಲಿ ಜಾಗವಿಲ್ಲ. ಶರಾವತಿ ಅಲ್ಲಿ ಇನ್ನೂ ಹೊಳೆಯಾಗಿಯೇ ಹರಿಯುತ್ತಿದ್ದಾಳೆ, ದೋಣಿಯವನನ್ನು ಕೂಗಿ ಕರೆಯುವಷ್ಟು ಅಗಲಕ್ಕೆ.

ಇದಕ್ಕೇನು ಅರ್ಥ? ನಮ್ಮ ಹಿಂದಿನವರ ಬಳಿ ಅರ್ಥಗಳಿಗೆ ಕೊರತೆ ಇರಲಿಲ್ಲ. ಹಲ್ಲು ಬಿದ್ದಂತೆ ಕಂಡರೆ ಮನೆಯಲ್ಲಿ ಯಾರಿಗೋ ಕೇಡು. ಮದುವೆ ಕಂಡರೆ ಸಾವಿನ ಸುದ್ದಿ. ಹಾವು ಕಂಡರೆ ಸುಬ್ರಹ್ಮಣ್ಯನಿಗೆ ಹೇಳಿಕೊಂಡ ಹರಕೆ ಬಾಕಿ ಇದೆಯೇ ನೋಡಬೇಕು. ತೀರಿಕೊಂಡವರು ಬಂದು ಕರೆದರೆ ಹಿಂದೆ ಹೋಗಬಾರದು. ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳುವ ಮೊದಲು ಹರಿಯುವ ನೀರಿಗೆ ಹೇಳಿಬಿಡಬೇಕು. ಬೆಳಗಿನ ಜಾವದ ಕನಸು ನಿಜವಾಗುತ್ತದೆ. ಇಷ್ಟೆಲ್ಲ ಇದ್ದರೂ ಹಳೆಯ ಮನೆ ಕಂಡರೆ ಏನು ಎಂಬುದಕ್ಕೆ ನಮ್ಮ ಅಜ್ಜಿಯರ ಬಳಿ ಫಲ ಇರಲಿಲ್ಲ. ಹೇಗೆ ಇದ್ದೀತು? ಅವರು ಹುಟ್ಟಿದ್ದೂ ಬಾಳಿದ್ದೂ ಎರಡು ಹಳ್ಳ, ಒಂದು ಗುಡ್ಡದ ಅಂತರದೊಳಗೆ. ತವರಿನ ಮನೆ ಕನಸಿಗೆ ಬಂದರೆ ಹಬ್ಬದ ನೆಪ ಮಾಡಿ ಹೋಗಿ ಬರುತ್ತಿದ್ದರು. ಊರೇ ಇಲ್ಲದ ಜನ ಊರಿನ ಕನಸು ಕಾಣುವುದು ಅವರ ಲೆಕ್ಕಕ್ಕೆ ಬಂದ ಸಂಗತಿಯೇ ಅಲ್ಲ.

ಬೆಳಗಿನ ಜಾವದ ಮಾತು ಬಂತಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ನಿಜವಾಗುವ ಮಾತಿರಲಿ, ನೆನಪಿನಲ್ಲಿ ಉಳಿಯುವುದಂತೂ ಆ ಹೊತ್ತಿನ ಕನಸೇ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬಿಬ್ಬರು ಒಂದು ಸಂಗತಿ ಪ್ರಕಟಿಸಿದರು. ನಿದ್ದೆಯ ನಡುನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುವ ಒಂದು ಹೊತ್ತು ಬರುತ್ತದೆ, ಆಗ ಎಬ್ಬಿಸಿ ಕೇಳಿದರೆ ಬಹಳಷ್ಟು ಜನ ಕನಸು ಕಾಣುತ್ತಿದ್ದೆ ಎನ್ನುತ್ತಾರೆ ಎಂದು. ಅಸೆರಿನ್ಸ್ಕಿ ಮೊದಮೊದಲು ತಂತಿ ಅಂಟಿಸಿ ನೋಡಿದ್ದು ಎಂಟು ವರ್ಷದ ತನ್ನ ಸ್ವಂತ ಮಗನಿಗೆ. ಈ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಸ್ವಲ್ಪವೇ ಹೊತ್ತು, ಬೆಳಗು ಹತ್ತಿರವಾದಷ್ಟೂ ಹೆಚ್ಚು ಹೊತ್ತು. ಕೋಳಿ ಕೂಗುವ ಸಮಯಕ್ಕೆ ಅತಿ ಉದ್ದದ ಕನಸು ನಡೆಯುತ್ತಿರುತ್ತದೆ, ಅದರ ನಡುವೆಯೇ ಎಚ್ಚರವಾಗುತ್ತದೆ. ಅಮ್ಮ ನಸುಕಿನಲ್ಲಿ ಬಚ್ಚಲೊಲೆಗೆ ಬೆಂಕಿ ಮಾಡಲು ಎದ್ದವಳು ಒಲೆಯ ಮುಂದೆ ಕೂತೇ ಕನಸು ಹೇಳುತ್ತಿದ್ದಳು. ಅಷ್ಟು ತಾಜಾ ಇರುತ್ತಿತ್ತು.

ಅವಳ ಕನಸುಗಳು ಬಹುಮಟ್ಟಿಗೆ ಕೆಲಸದವು. ಅಂಗಳದಲ್ಲಿ ಅಡಿಕೆ ಹರಡಿದೆ, ಮೂಡಗಡೆ ಮೋಡ ಕಟ್ಟಿದೆ, ತುಂಬಲು ಬುಟ್ಟಿ ಸಿಗುತ್ತಿಲ್ಲ. ಬೆಟ್ಟಕ್ಕೆ ಬಿಟ್ಟ ದನ ಕತ್ತಲಾದರೂ ಕೊಟ್ಟಿಗೆಗೆ ಬಂದಿಲ್ಲ. ಅಬ್ಬಿ ನೀರಿನ ದಬ್ಬೆ ಜಾರಿ ಬಿದ್ದು ನೀರು ಎಲ್ಲೋ ಹೋಗುತ್ತಿದೆ. ಒಮ್ಮೆ ನಾನು ಕೇಳಿದೆ, ಅಮ್ಮ, ನೀರು ಇಳಿದು ಊರು ಮೊದಲಿನಂತೆ ಆದರೆ ವಾಪಸ್ಸು ಹೋಗುತ್ತೀಯಾ ಎಂದು. ಅವಳು ತಡಮಾಡದೆ ಹೇಳಿದಳು: "ಎಂಥಕ್ಕೆ? ಮಳೆಗಾಲದಲ್ಲಿ ಹೆರಿಗೆ ನೋವು ಬಂದರೆ ಕಂಬಳಿಯಲ್ಲಿ ಹೊತ್ತುಕೊಂಡು ಹೋಗಬೇಕಿತ್ತು ಅಲ್ಲಿ."

ಆ ಉತ್ತರ ನನ್ನ ತಲೆಯಲ್ಲಿ ಬಹಳ ಕಾಲ ಉಳಿಯಿತು. ಅಮ್ಮನಿಗೆ ಹಿಂದಿರುಗುವ ಆಸೆ ಇರಲಿಲ್ಲ, ಕನಸು ಮಾತ್ರ ಬಿಡದೆ ಕರೆದುಕೊಂಡು ಹೋಗುತ್ತಿತ್ತು. ಸಿಗ್ಮಂಡ್ ಫ್ರಾಯ್ಡ್ 1899ರ ಕೊನೆಗೆ ಹೊರತಂದ ಕನಸುಗಳ ದೊಡ್ಡ ಗ್ರಂಥದಲ್ಲಿ ಪ್ರತಿ ಕನಸೂ ಒಂದು ಬಯಕೆಯ ಈಡೇರಿಕೆ ಎಂದು ಪಟ್ಟುಹಿಡಿದು ವಾದಿಸುತ್ತಾನೆ. ಅಷ್ಟು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಡಿಕೆ ನೆನೆಯಲಿ ಎಂದು ಬಯಸುವ ಹೆಂಗಸು ಮಲೆನಾಡಿನಲ್ಲಿ ಹುಟ್ಟಿಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದು ಲಕ್ಷ್ಯ ಕೊಡಬೇಕಾದದ್ದು. ಕನಸು ಎರಡು ಕಡೆಯಿಂದ ಸಾಮಗ್ರಿ ತರುತ್ತದೆ ಎನ್ನುತ್ತಾನೆ ಅವನು. ಒಂದು, ನಿನ್ನೆ ಹಗಲಿನ ಉಳಿಕೆ. ಇನ್ನೊಂದು, ಬಾಲ್ಯದ ಸಂಗ್ರಹ. ನಡುವಿನ ವರ್ಷಗಳಿಗಿಂತ ಈ ಎರಡು ತುದಿಗಳೇ ಕನಸಿಗೆ ಹೆಚ್ಚು ಬೇಕು.

ಇದನ್ನು ಓದಿದ ಮೇಲೆ ನನ್ನವೇ ಕನಸುಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಹಳೆಯ ಮನೆ ಕಂಡಿತು ಎಂದು ಎದ್ದಕೂಡಲೇ ಗಂಟಲು ಕಟ್ಟಿಕೊಂಡು ಕೂರುವ ಬದಲು, ಆ ಮನೆಗೆ ಯಾರು ಬಂದಿದ್ದರು ಎಂದು ಕೇಳಿಕೊಂಡೆ. ಬಂದವರು ಯಾರೂ ಆ ಕಾಲದವರಲ್ಲ! ಪಟ್ಟಣದ ಕಚೇರಿಯಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದಾಗ ತಪಾಸಣೆಗೆ ಬರುತ್ತಿದ್ದ ಅಧಿಕಾರಿ ನಮ್ಮ ಜಗುಲಿಯ ಮೇಲೆ ಕೂತು ಪುಸ್ತಕ ತೆರೆದಿದ್ದಾನೆ, ಅಮ್ಮ ಅವನಿಗೆ ಬೆಲ್ಲ ನೀರು ತಂದಿಡುತ್ತಾಳೆ. ಮದುವೆಯಾಗಿ ಬಂದಮೇಲೂ ಆ ಊರನ್ನು ಕಣ್ಣಾರೆ ಕಾಣದ ನನ್ನ ಹೆಂಡತಿ, ಅಬ್ಬಿ ಹತ್ತಿರದ ಕಾಲುದಾರಿಯಲ್ಲಿ ಕೊಡ ಹಿಡಿದು ನನಗಿಂತ ಮುಂದೆ ಹೋಗುತ್ತಿದ್ದಾಳೆ. ನೀರು ನಿಂತ ಎಷ್ಟೋ ಕಾಲದ ಮೇಲೆ ಹುಟ್ಟಿದ ನನ್ನ ಮಕ್ಕಳು ಅಟ್ಟದ ಮೇಲೆ ಓಡಾಡುವ ಸದ್ದು ಕೇಳುತ್ತದೆ, ಬೀಳುತ್ತಾರೆ ಎಂದು ನಾನು ಕೂಗುತ್ತೇನೆ.

ಬಯಲಾಟದ ರಂಗಸ್ಥಳವನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ನಾಲ್ಕು ಕಂಬ, ಒಂದು ರಥ ಎಂದು ಕರೆಯುವ ಮಣೆ, ಅಷ್ಟೇ. ಈ ರಾತ್ರಿ ಅದು ಹಸ್ತಿನಾವತಿ, ನಾಳೆ ಲಂಕೆ, ನಾಡಿದ್ದು ಕೈಲಾಸ. ಪ್ರಸಂಗ ಬದಲಾಗುತ್ತದೆ, ವೇಷ ಬದಲಾಗುತ್ತದೆ, ರಂಗಸ್ಥಳ ಬದಲಾಗುವುದಿಲ್ಲ. ನಮ್ಮ ನಿದ್ದೆಗೂ ಒಂದು ರಂಗಸ್ಥಳ ಬೇಕು. ಬುದ್ಧಿ ಬರುವ ಹೊತ್ತಿಗೆ ಯಾವ ಅಂಗಳದಲ್ಲಿ ಇದ್ದೆವೋ ಅದನ್ನೇ ಅದು ಕಾಯಂ ಮಾಡಿಕೊಂಡುಬಿಟ್ಟಿದೆ. ಹಾಗಾಗಿ ಹಳೆಯ ಮನೆ ಕಂಡಿತೆಂದರೆ ಮನಸ್ಸು ಹಿಂದಕ್ಕೆ ಓಡುತ್ತಿದೆ ಎಂದು ನಾನು ತಿಳಿಯುವುದಿಲ್ಲ. ಇವತ್ತಿನ ಯಾವುದೋ ಪ್ರಸಂಗ ಆಡುವುದಿದೆ, ಅದಕ್ಕೆ ಜಾಗ ಹುಡುಕಿಕೊಂಡಿದೆ ಎಂದು ತಿಳಿಯುತ್ತೇನೆ. ಅಮ್ಮನ ಬುಟ್ಟಿ ಸಿಗದ ಕನಸು ನಮ್ಮ ತಂಗಿಯ ಮದುವೆ ಮಾತುಕತೆಯ ದಿನಗಳದ್ದು ಎಂದು ಆಮೇಲೆ ಹೊಳೆಯಿತು. ಎರಡನ್ನೂ ಹೊತ್ತು ಮೀರುವುದರೊಳಗೆ ಒಳಗೆ ಹಾಕಬೇಕಿತ್ತು ಅವಳಿಗೆ, ಅಡಿಕೆಯನ್ನೂ ಮಗಳ ಮದುವೆಯನ್ನೂ.

ನನ್ನ ಅಣ್ಣನ ಕನಸೊಂದನ್ನು ಇಲ್ಲಿ ಹೇಳಲೇಬೇಕು. ಮುಳುಗಡೆಯಿಂದ ಎಬ್ಬಿಸಿ ತಂದು ಬಿಟ್ಟ ಜಾಗಗಳಲ್ಲಿ ಬಹಳಷ್ಟು ದಾಖಲೆಯಲ್ಲಿ ಅರಣ್ಯವೆಂದೇ ಉಳಿದವು. ಅಲ್ಲಿ ಮನೆ ಕಟ್ಟಿ, ತೋಟ ಎಬ್ಬಿಸಿ, ಮೊಮ್ಮಕ್ಕಳನ್ನು ಕಂಡ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಅಣ್ಣ ಆ ಓಡಾಟದಲ್ಲೇ ಮುದುಕನಾದ. ಅವನ ಕನಸಿನಲ್ಲಿ ಸರ್ವೇಯರು ಬಂದು ಸರಪಳಿ ಎಳೆಯುತ್ತಾನೆ. ಎಲ್ಲಿ? ಹಳೇ ಮನೆಯ ಅಂಗಳದಲ್ಲಿ. ತುಳಸಿಕಟ್ಟೆಯಿಂದ ಬಾವಿಗೆ, ಬಾವಿಯಿಂದ ಹಲಸಿನ ಮರಕ್ಕೆ. ಎಲ್ಲ ಸರಿ ಇದೆ ಎಂದು ಬರೆದುಕೊಡುತ್ತಾನೆ. ಅಣ್ಣ ಈ ಕನಸನ್ನು ಬಹಳ ಶಾಂತವಾಗಿ ಹೇಳುತ್ತಾನೆ. ದಾಖಲೆ ಇದ್ದ ನೆಲ ನೀರಿನಲ್ಲಿದೆ, ಕಾಲ ಕೆಳಗಿನ ನೆಲಕ್ಕೆ ದಾಖಲೆ ಇಲ್ಲ. ಇಡೀ ಬದುಕಿನ ವ್ಯವಹಾರವನ್ನು ಕನಸು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿಬಿಡುವುದನ್ನು ಕೇಳಿದಾಗ ನನಗೆ ಮೈ ನವಿರೇಳುತ್ತದೆ. ಇದನ್ನು ಯಾವ ಸ್ವಪ್ನಫಲದ ಪುಸ್ತಕದಲ್ಲಿ ಹುಡುಕುವುದು? ಹಳೆ ಮನೆ ಎಂದರೆ ಧನಲಾಭ, ಮುರುಕು ಮನೆ ಎಂದರೆ ಚಿಂತೆ ಎಂದು ಎಲ್ಲರಿಗೂ ಒಂದೇ ಅರ್ಥ ಬರೆದಿಡುವವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ನಮ್ಮ ಪ್ರಾಚೀನರು ಇದಕ್ಕಿಂತ ಎಚ್ಚರದಿಂದ ಮಾತಾಡಿದ್ದಾರೆ. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ವಾತಪಿತ್ತಾದಿ ದೋಷಗಳಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯ ಹೇಳಿಬಿಡುತ್ತಾನೆ. ಎಷ್ಟೊಂದು ಜನರ ಭಯವನ್ನು ಆ ಒಂದು ಮಾತು ಇಳಿಸಿರಬೇಕು! ಹಳೆಯ ಮನೆಯ ಕನಸು ಆ ಐದರೊಳಗೇ ಬರುತ್ತದೆ. ಶಕುನವಲ್ಲ, ಹೆದರಬೇಕಾಗಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಜನಕರಾಜನಿಗೆ ಹೇಳುವ ಮಾತು ಇನ್ನೂ ಎತ್ತರದ್ದು. ಕನಸಿನಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಕೊಳ ನದಿಗಳಿಲ್ಲ. ಅವೆಲ್ಲವನ್ನೂ ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ ಎಂಬ ಅರ್ಥದ ಮಾತು ಅದು. ನದಿಗಳನ್ನೂ ಎಂದು ಅಲ್ಲಿ ಬಂದಿರುವುದು ನಮ್ಮಂಥವರಿಗೆ ಬಹಳ ಹತ್ತಿರವಾಗುತ್ತದೆ. ರಾತ್ರಿಗೊಂದು ಶರಾವತಿಯನ್ನು ಹರಿಸಿಕೊಳ್ಳುವವರಲ್ಲವೇ ನಾವು.

ಹಾಗಾದರೆ ಆ ಮೊದಲ ಅಂಗಳವೇ ಯಾಕೆ? ನಾನು ಅದಕ್ಕಿಂತ ಹೆಚ್ಚು ವರ್ಷ ಬೇರೆ ಮನೆಗಳಲ್ಲಿ ಬದುಕಿದ್ದೇನೆ, ನಾಲ್ಕು ಊರು ಸುತ್ತಿದ್ದೇನೆ. ಅವು ಕನಸಿಗೆ ಅಪರೂಪ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಓ'ಕೀಫ್ ಎಂಬ ವಿಜ್ಞಾನಿ ಇಲಿಗಳ ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಕಂಡ. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಗೆ ಹೋದರೆ ಇನ್ನೊಂದು. ನಡೆದಾಡಿದ ನೆಲದ ನಕ್ಷೆ ಒಳಗೇ ಮೂಡುತ್ತದೆ. ಈ ಕೆಲಸಕ್ಕಾಗಿ ಅವನಿಗೆ 2014ರಲ್ಲಿ ಮೋಸರ್ ದಂಪತಿಯ ಜೊತೆ ನೊಬೆಲ್ ಬಂತು. ನಡುವೆ 1994ರಲ್ಲಿ ಮ್ಯಾಥ್ಯೂ ವಿಲ್ಸನ್, ಬ್ರೂಸ್ ಮೆಕ್‌ನಾಟನ್ ಎಂಬವರು ಮತ್ತೂ ಒಂದು ಹೆಜ್ಜೆ ಹೋಗಿ, ಹಗಲು ಓಡಾಡುವಾಗ ಜೊತೆಯಾಗಿ ಮಿಡಿದ ಕೋಶಗಳು ಆಮೇಲೆ ನಿದ್ದೆಯಲ್ಲೂ ಜೊತೆಯಾಗಿ ಮಿಡಿಯುವುದನ್ನು ತೋರಿಸಿದರು. ಮಲಗಿದ ಇಲಿ ನಡೆದ ದಾರಿಯನ್ನು ಒಳಗೊಳಗೇ ಮತ್ತೆ ನಡೆಯುತ್ತಿದೆ ಎನ್ನಬಹುದು. ಇಲಿಯಿಂದ ಮನುಷ್ಯನ ಅರವತ್ತು ವರ್ಷ ಹಿಂದಿನ ಅಂಗಳಕ್ಕೆ ಜಿಗಿಯುವುದು ದೊಡ್ಡ ಜಿಗಿತವೇ. ಆದರೂ ನನಗೆ ಇಷ್ಟಂತೂ ತೋರುತ್ತದೆ: ಬಾಲ್ಯದ ಊರನ್ನು ನಾವು ಕಾಲಿನಿಂದ ಕಲಿತೆವು. ಯಾವ ಕಲ್ಲು ಜಾರುತ್ತದೆ, ಸಂಕದ ಯಾವ ಮರ ಅಲುಗುತ್ತದೆ, ಕತ್ತಲೆಯಲ್ಲಿ ಬಚ್ಚಲಿಗೆ ಹೋಗಲು ಗೋಡೆಯ ಮೇಲೆ ಕೈ ಎಲ್ಲಿಡಬೇಕು ಎಲ್ಲವನ್ನೂ ಬರಿಗಾಲು, ಬರಿಗೈ ಕಲಿಸಿದವು. ಆಮೇಲಿನ ಊರುಗಳನ್ನು ಬಸ್ಸಿನ ಕಿಟಕಿಯಿಂದ ಕಲಿತೆವು.

ಫ್ರಾನ್ಸಿನ ಗಾಸ್ತೋ ಬಾಷ್ಲಾರ್ 1957ರ ತನ್ನ ಪುಸ್ತಕವೊಂದರಲ್ಲಿ ಹುಟ್ಟಿದ ಮನೆ ನಮ್ಮ ನೆನಪಿನಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಮೈಯಲ್ಲಿದೆ ಎಂಬರ್ಥದಲ್ಲಿ ಬರೆಯುತ್ತಾನೆ. ಇದನ್ನು ನಾನು ಓದಿ ನಂಬಿದ್ದಲ್ಲ, ನಮ್ಮ ಮನೆಯಲ್ಲೇ ಕಂಡದ್ದು. ಮಲೆನಾಡಿನ ಹಳೆಯ ಮನೆಗಳ ಒಳಬಾಗಿಲು ತಗ್ಗು. ಊರು ಬಿಡುವಾಗ ಮೀಸೆ ಮೂಡಿದ್ದ ಅಣ್ಣ ಕನಸಿನಲ್ಲಿ ನಡುಮನೆಗೆ ಹೋಗುವಾಗ ತಲೆ ತಗ್ಗಿಸುತ್ತಾನಂತೆ. ನಾನು ನೆಟ್ಟಗೆ ನಡೆದುಬಿಡುತ್ತೇನೆ, ನೆತ್ತಿಯ ಮೇಲೆ ಇನ್ನೂ ಜಾಗ ಉಳಿದಿರುತ್ತದೆ. ಕನಸಿನೊಳಗೆ ನಾನು ನಿವೃತ್ತನಾದ ಮನುಷ್ಯ, ಕನ್ನಡಕ ಹಾಕಿದ್ದೇನೆ, ಆದರೂ ಉಪ್ಪಿನಕಾಯಿ ಭರಣಿ ಇಟ್ಟ ನಾಗಂದಿಗೆ ಕೈಗೆಟುಕುವುದಿಲ್ಲ. ಮನೆ ನಮ್ಮನ್ನು ಬಿಟ್ಟುಕೊಟ್ಟ ದಿನದ ಎತ್ತರವನ್ನೇ ಇಟ್ಟುಕೊಂಡಿದೆ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಸಂಗತಿಯನ್ನೂ ಹೇಳಬೇಕು. ಅಮೆರಿಕದ ಡೇವಿಡ್ ಫೌಕ್ಸ್ ಮಕ್ಕಳನ್ನು ವರ್ಷಗಟ್ಟಲೆ ನಿದ್ರಾಪ್ರಯೋಗಾಲಯದಲ್ಲಿ ಮಲಗಿಸಿ, ಎಬ್ಬಿಸಿ, ಕನಸು ಕೇಳಿ 1982ರಲ್ಲಿ ಪುಸ್ತಕ ಪ್ರಕಟಿಸಿದ. ಮೂರರಿಂದ ಐದು ವರ್ಷದ ಮಕ್ಕಳ ಕನಸು ತೀರ ಕಡಿಮೆ, ಇದ್ದರೂ ನಿಂತ ಚಿತ್ರ, ಹೆಚ್ಚೆಂದರೆ ಒಂದು ಪ್ರಾಣಿ. ಕನಸು ಕಾಣುವವರೇ ಅದರೊಳಗೆ ಓಡಾಡಿ, ಕೆಲಸ ಮಾಡಿ, ಕಥೆ ನಡೆಸುವುದು ಏಳೆಂಟು ವರ್ಷದ ಆಸುಪಾಸಿಗೆ ಶುರುವಾಗುತ್ತದೆ ಎಂದು ಅವನ ತೀರ್ಮಾನ. ಹಾಗೆಂದರೆ ನಾನು ಆ ಮನೆಯಲ್ಲಿ ಮಲಗಿದ್ದಾಗ ಆ ಮನೆಯ ಕನಸು ಕಂಡೇ ಇಲ್ಲವೇನೋ! ಇವತ್ತು ರಾತ್ರಿ ನನಗೆ ಕಾಣುವ ಮನೆ ದೊಡ್ಡವನಾದ ಮೇಲೆ, ಅದು ಹೋದ ಮೇಲೆ, ನಾನೇ ಕಟ್ಟಿಕೊಂಡದ್ದು. ಗೋಡೆ ಅಲ್ಲಿಯದು, ಕಟ್ಟಿದವನು ಇಲ್ಲಿಯವನು.

ಆದರೆ ಕಟ್ಟುವ ಸಾಮಾನನ್ನು ಕನಸು ಎಷ್ಟು ಆಳದಿಂದ ತೆಗೆಯುತ್ತದೆ ಎಂಬುದಕ್ಕೆ ಒಂದು ಹಳೆಯ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸ ಆಲ್ಫ್ರೆದ್ ಮೋರಿ ನಿದ್ದೆ ಮತ್ತು ಕನಸಿನ ಮೇಲೆ 1861ರಲ್ಲಿ ಪುಸ್ತಕ ಬರೆದವನು. ಅವನ ಹುಟ್ಟೂರು ಮೋ. ಹುಡುಗನಾಗಿದ್ದಾಗ ಹತ್ತಿರದ ತ್ರಿಲ್ಪೋರ್ ಎಂಬ ಊರಿಗೆ ಹೋಗುತ್ತಿದ್ದ, ಅವನ ತಂದೆ ಅಲ್ಲಿ ಸೇತುವೆಯೊಂದರ ಕೆಲಸದ ಮೇಲ್ವಿಚಾರಕ. ದೊಡ್ಡವನಾದ ಮೇಲೆ ಒಂದು ರಾತ್ರಿ ಕನಸಿನಲ್ಲಿ ಮತ್ತೆ ಆ ಊರಿನ ಬೀದಿಯಲ್ಲಿ ಆಡುತ್ತಿದ್ದಾನೆ. ಸಮವಸ್ತ್ರದ ಮನುಷ್ಯನೊಬ್ಬ ಎದುರಿಗೆ ಬರುತ್ತಾನೆ. ಹೆಸರೇನು ಎಂದರೆ ಹೆಸರು ಹೇಳಿ, ಸೇತುವೆಯ ಕಾವಲುಗಾರ ಎನ್ನುತ್ತಾನೆ. ಎಚ್ಚರವಾದ ಮೋರಿಗೆ ಅಂಥ ಒಬ್ಬನ ನೆನಪೇ ಇಲ್ಲ. ಬಾಲ್ಯದಿಂದ ಮನೆಯಲ್ಲಿದ್ದ ಮುದುಕಿ ಕೆಲಸದಾಕೆಯನ್ನು ಕೇಳಿದ. ಇದ್ದನಲ್ಲ, ನಿಮ್ಮ ತಂದೆ ಸೇತುವೆ ಕಟ್ಟಿಸುವಾಗ ಅವನೇ ಕಾವಲಿಗಿದ್ದವನು ಎಂದಳು ಅವಳು. ಈ ಕಥೆಯನ್ನು ಫ್ರಾಯ್ಡ್ ಕೂಡ ತನ್ನ ಪುಸ್ತಕದಲ್ಲಿ ಎತ್ತಿಕೊಂಡಿದ್ದಾನೆ. ನನಗೆ ಇದರಲ್ಲಿ ಇಷ್ಟವಾದದ್ದು ಆ ಮುದುಕಿ. ಸಾಕ್ಷಿ ಹೇಳಲು ಅವಳಿಲ್ಲದಿದ್ದರೆ ಕಾವಲುಗಾರ ಬರೀ ಕನಸಿನ ಮನುಷ್ಯನಾಗಿ ಉಳಿಯುತ್ತಿದ್ದ. ನಮ್ಮ ಊರುಗಳ ಮಟ್ಟಿಗೆ ಅಂಥ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕನಸಿನಲ್ಲಿ ಕಂಡ ನತ್ತಿನ ಹೆಂಗಸು ಯಾರು ಎಂದು ಕೇಳಲು ನನಗೆ ಈಗ ಮನೆಯಲ್ಲಿ ಯಾರೂ ಇಲ್ಲ.

ಸೇತುವೆ ಎಂದಾಗ ನೆನಪಾಯಿತು. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಲಾಂಚಿಗೆ ಕಾದು ಕಾದು ಜನ್ಮ ಸವೆಸಿದ ನಮ್ಮವರಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ಎರಡು ಕಿಲೋಮೀಟರಿಗೂ ಉದ್ದ. ಸಿಗಂದೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನು ದಾಟುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಿಟಕಿಯಾಚೆ ಬೆರಳು ತೋರಿಸಿ, ಅಲ್ಲಿ ಒಂದು ಗದ್ದೆ ಬಯಲಿತ್ತು ಎಂದರು. ನೀರು ಬಿಟ್ಟರೆ ಏನೂ ಕಾಣಲಿಲ್ಲ. ಅವರ ಬೆರಳು ಮಾತ್ರ ಸ್ವಲ್ಪವೂ ಅನುಮಾನಿಸಲಿಲ್ಲ.

ಹಿನ್ನೀರಿನ ಗರಿಷ್ಠ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಇಳಿದಾಗ, ಲಿಂಗನಮಕ್ಕಿಗಿಂತ ಮೊದಲು 1948ರಲ್ಲಿ ಮುಗಿದು ಆಮೇಲೆ ತಾನೇ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಬಳಿ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಂಥದೊಂದು ಬೇಸಿಗೆಯಲ್ಲಿ ನಾವೂ ದೋಣಿ ಮಾಡಿಕೊಂಡು ನಮ್ಮ ಊರಿನ ಜಾಗಕ್ಕೆ ಹೋದೆವು. ಬಿರಿದ ಕೆಸರು, ಕರಿಮರದ ಬೊಡ್ಡೆಗಳು, ಜಂಬಿಟ್ಟಿಗೆಯ ಅಡಿಪಾಯ. ನಡುಮನೆ ಎಂದು ನಾನು ಅಂದುಕೊಂಡಿದ್ದ ಜಾಗ ನಾಲ್ಕು ಹೆಜ್ಜೆಗೆ ಮುಗಿಯಿತು. ಎಷ್ಟು ಸಣ್ಣದು! ಇನ್ನು ಮುಂದೆ ಕನಸು ತನ್ನ ಅಳತೆ ತಿದ್ದಿಕೊಳ್ಳುತ್ತದೆ ಎಂದು ಎಣಿಸಿದ್ದೆ. ತಿದ್ದಿಕೊಳ್ಳಲಿಲ್ಲ. ಅಡಿಪಾಯವನ್ನು ಕಣ್ಣಾರೆ ನೋಡಿ ಬಂದ ಮೇಲೂ ನಡುಮನೆ ಮೊದಲಿನಷ್ಟೇ ವಿಶಾಲವಾಗಿ, ಹೊಗೆ ಹಿಡಿದ ತೊಲೆಗಳೊಂದಿಗೆ ಬಂತು. ಕುರುಡುತನದ ಬಗ್ಗೆ ಅಧ್ಯಯನ ಮಾಡಿದವರು ಹೇಳುವ ಮಾತೊಂದಿದೆ: ಹುಟ್ಟಿನಿಂದಲೇ ದೃಷ್ಟಿ ಇಲ್ಲದವರ ಕನಸಿನಲ್ಲಿ ಸದ್ದು, ಸ್ಪರ್ಶ, ವಾಸನೆಗಳೇ ಎಲ್ಲ. ಆದರೆ ಸುಮಾರು ಏಳು ವರ್ಷ ದಾಟಿದ ಮೇಲೆ ಕಣ್ಣು ಕಳೆದುಕೊಂಡವರಲ್ಲಿ ಬಹಳಷ್ಟು ಜನರಿಗೆ ಕನಸಿನಲ್ಲಿ ಕಾಣಿಸುತ್ತಲೇ ಇರುತ್ತದೆ. ಒಮ್ಮೆ ಒಳಗೆ ಸೇರಿದ್ದನ್ನು ಹೊರಗಿನ ನಷ್ಟ ಮುಟ್ಟಲಾರದು ಎಂದಾಯಿತು. ಹೊರಗಿನ ತಿದ್ದುಪಡಿಯೂ ಮುಟ್ಟಲಾರದು ಎಂದು ನನ್ನ ಅನುಭವ ಹೇಳುತ್ತದೆ.

ನಾ. ಡಿಸೋಜ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು, ಎದ್ದು ಹೋಗುವ ಜನರನ್ನು ಹತ್ತಿರದಿಂದ ನೋಡಿ 'ಮುಳುಗಡೆ', 'ದ್ವೀಪ' ಬರೆದವರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಸಂಕಟಕ್ಕೆ ಹೊರಗಿನ ಸಾಕ್ಷಿ ಅವರು. ಒಳಗಿನ ಸಾಕ್ಷಿ ನಮ್ಮ ಕನಸುಗಳು.

ಇದು ನಮ್ಮ ಸೀಮೆಯವರ ಸೊತ್ತೇನೂ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಗೆಳೆಯರೊಬ್ಬರು ಸೆಕ್ಟರ್ ನಂಬರಿನ ಅಗಲ ರಸ್ತೆಯ ಮನೆಯಲ್ಲಿ ಮಲಗಿ ಕಿಲ್ಲಾದ ಓಣಿಯೊಳಗೆ ಏಳುತ್ತಾರೆ. ಹೋಳಿಯ ಹಲಗೆ ಸದ್ದಿಗೆ ಓಡುತ್ತಾರೆ, ಮೊಮ್ಮಗಳ ಕೈ ಹಿಡಿದುಕೊಂಡು. ಮುಳುಗಡೆಯೇ ಆಗಬೇಕೆಂದಿಲ್ಲ. ಹುಟ್ಟಿದ ಮನೆಯಲ್ಲೇ ಇಂದಿಗೂ ಇರುವ ನಮ್ಮ ಸೋದರಮಾವನ ಮಗ, ಕನಸಿನಲ್ಲಿ ಮಾತ್ರ ಸಿಮೆಂಟು ಹಾಕುವುದಕ್ಕೆ ಮೊದಲಿನ ಸಗಣಿ ಸಾರಿಸಿದ ನೆಲದ ಮೇಲೆ ಓಡಾಡುತ್ತಾನೆ. ದುಬೈಯಲ್ಲಿರುವ ಅವನ ಮಗನ ಕನಸಿನಲ್ಲಿ ನೆಲ ಸಿಮೆಂಟಿನದು. ಒಂದೇ ಮನೆ, ಎರಡು ನೆಲ.

ಈಚೆಗೆ ನಾನು ಮಾಡುವ ಒಂದು ಕೆಲಸವಿದೆ. ಮನೆಗೆ ಬಂದವರ ಮುಂದೆ ಕಾಗದ, ಪೆನ್ಸಿಲ್ ಇಟ್ಟು, ನೀವು ಚಿಕ್ಕವರಿದ್ದಾಗ ಇದ್ದ ಮನೆ ಬರೆದು ತೋರಿಸಿ ಎನ್ನುತ್ತೇನೆ. ನನಗೆ ಚಿತ್ರ ಬರುವುದಿಲ್ಲ ಎಂದವರೂ ಬರೆಯುತ್ತಾರೆ. ಒರಳು ಇಲ್ಲಿ, ದೇವರ ಗೂಡು ಇಲ್ಲಿ, ಈ ಗೋಡೆಗೆ ಅಪ್ಪನ ಕೊಡೆ ತೂಗುತ್ತಿತ್ತು ಎನ್ನುತ್ತ ಬರೆಯುತ್ತಾರೆ. ಅಣ್ಣತಮ್ಮಂದಿರು ಬರೆದರೆ ಬಾವಿ ಅಂಗಳದ ಎರಡು ದಿಕ್ಕಿಗೆ ಹೋಗುತ್ತದೆ, ಇಬ್ಬರೂ ಬಿಡುವುದಿಲ್ಲ.

ನನ್ನ ಮಗಳು ಹುಟ್ಟಿ ಬೆಳೆದದ್ದು ಬಾಡಿಗೆ ಮನೆಗಳಲ್ಲಿ. ಅವಳಿಗೆ ನಾನು ಅಂಗಳ ಕೊಡಲಿಲ್ಲ, ತೋಟ ಕೊಡಲಿಲ್ಲ, ಅವಳ ನಿದ್ದೆಗೆ ಜಾಗವೇ ಇಲ್ಲವೇನೋ ಎಂಬ ಕೊರಗು ನನ್ನೊಳಗೆ ಇತ್ತು. ಹೋದ ದೀಪಾವಳಿಗೆ ಬಂದಾಗ ಅವಳ ಕೈಗೂ ಪೆನ್ಸಿಲ್ ಕೊಟ್ಟೆ. ಹುಬ್ಬಳ್ಳಿಯಲ್ಲಿ ನಾವಿದ್ದ ಎರಡನೆಯ ಮಹಡಿಯ ಮನೆಯನ್ನು ಒಂದೇ ಉಸಿರಿಗೆ ಬರೆದಳು. ತಿರುವು ಮೆಟ್ಟಿಲು, ನೀರಿನ ಸಿಂಟೆಕ್ಸ್ ಟ್ಯಾಂಕು, ಟ್ಯಾಂಕಿನ ಹಿಂದೆ ಅವಳು ಬಚ್ಚಿಟ್ಟುಕೊಳ್ಳುತ್ತಿದ್ದ ಸಂದು. "ಯಾವಾಗಲೂ ಇದೇ ಮನೆ ಬರೋದು ಅಪ್ಪ. ಮೊನ್ನೆ ನಮ್ಮ ಆಫೀಸಿನ ಮೀಟಿಂಗು ಇಲ್ಲೇ ನಡೀತು, ಈ ಮೆಟ್ಟಿಲ ಮೇಲೆ ಕೂತು. ನೀವು ಕೆಳಗಿಂದ ಸೈಕಲ್ ಎತ್ತಿಕೊಂಡು ಬರ್ತಾ ಇದ್ರಿ, ತಲೆ ತುಂಬ ಕಪ್ಪು ಕೂದಲು" ಎಂದಳು. ನಾನು ಆ ಕಾಗದವನ್ನು ಬಹಳ ಹೊತ್ತು ನೋಡಿದೆ. ಬಚ್ಚಲು ಎಡಕ್ಕಿತ್ತು, ನೀನು ಬಲಕ್ಕೆ ಬರೆದಿದ್ದೀಯ ಎಂದೆ. ಇಲ್ಲ, ಬಲಕ್ಕೇ ಎಂದಳು. ಅವಳ ಅಮ್ಮನನ್ನು ಕರೆದು ಕೇಳಿದೆವು. ಅವಳು ಒಲೆಯ ಮುಂದಿನಿಂದಲೇ, ಆ ಮನೆಯಲ್ಲಿ ಬಚ್ಚಲು ಹೊರಗಿತ್ತಲ್ಲ, ಅಡುಗೆಮನೆ ಹಿಂದೆ, ಇಬ್ಬರಿಗೂ ಅಷ್ಟೂ ನೆನಪಿಲ್ಲವೇ ಎಂದಳು.